ಗೇರೆಣ್ಣೆ ಬಳಿದ ಹಲಗೆ: ಒಂದು ಹಳೆಯ ಫೈಬರ್ ದೋಣಿ, ಎರಡು ದುರಸ್ತಿ

ದೋಣಿಯ ಮಾಲಕರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಊರು ಗೊತ್ತಾಗಬಾರದು ಎಂಬುದೊಂದೇ ಅವರು ಹಾಕಿದ ಷರತ್ತು. ಆದ್ದರಿಂದ ಕಾಸರಗೋಡಿನ ಶಿರಿಯಾ ಹೊಳೆಗೂ ಚಂದ್ರಗಿರಿ ಹೊಳೆಗೂ ನಡುವೆ ಎಲ್ಲೋ ಒಂದು ದಡ ಎಂದಷ್ಟೇ ಹೇಳುತ್ತೇನೆ. ಮಾಲಕರನ್ನು ಧಣಿ ಎಂದೂ ನಮ್ಮ ಶೆಡ್ಡಿನ ಹಿರಿಯ ಕೆಲಸಗಾರರನ್ನು ಮೇಸ್ತ್ರಿ ಎಂದೂ ಕರೆಯುತ್ತೇನೆ. ಶೆಡ್ಡಿನಲ್ಲಿ ಎಲ್ಲರೂ ಕರೆಯುವುದು ಹಾಗೆಯೇ. ಗುರುತು ಸಿಗಬಹುದಾದ ಕೆಲವು ಸಂಗತಿಗಳನ್ನು ಬದಲಿಸಿದ್ದೇನೆ. ತೂಕ, ಖರ್ಚು ಮತ್ತು ನಮ್ಮ ತಪ್ಪುಗಳನ್ನು ಬದಲಿಸಿಲ್ಲ.

ನಾನು ಐಟಿಐಯಲ್ಲಿ ಫಿಟ್ಟರ್ ಪಾಠ ಹೇಳಿ ನಿವೃತ್ತನಾದವನು, ಹಾಗಾಗಿ ಊರಿಗೆಲ್ಲ ಮಾಷ್ಟ್ರು. ಶೆಡ್ಡಿನಲ್ಲಿ ನಾವು ಹೆಚ್ಚಾಗಿ ಮಾಡುವುದು ಮೀನುಗಾರರ ಫೈಬರ್ ದೋಣಿಗಳ ತೇಪೆ ಕೆಲಸ. ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲ್ ಬೋಟುಗಳಿಗೆ ನಿಷೇಧ ಇರುವುದರಿಂದ ಆ ಐವತ್ತೆರಡು ದಿನ ನಮಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಉಳಿದ ತಿಂಗಳುಗಳಲ್ಲಿ ಸಿಕ್ಕಿದ್ದನ್ನು ಮಾಡುತ್ತೇವೆ. ಈ ದೋಣಿ ಅಂಥ ಒಂದು ಬಿಡುವಿನಲ್ಲಿ ಸಿಕ್ಕಿದ್ದು.

ಲಾರಿಯಿಂದ ಇಳಿದದ್ದು

ನವೆಂಬರಿನ ಒಂದು ಬೆಳಗ್ಗೆ ಹೆದ್ದಾರಿ 66ರಿಂದ ಒಳದಾರಿಗೆ ತಿರುಗಿದ ಲಾರಿಯ ಮೇಲೆ ತಾಡಪಾಲು ಹೊದ್ದುಕೊಂಡು ಅದು ಬಂತು. ಉದ್ದ 21 ಅಡಿ, ಅಗಲ ಏಳೂಮುಕ್ಕಾಲು. ಬಲೆ ರಾಶಿ ಹಾಕಲು ಜಾಗವಿರುವ ನಮ್ಮ ಕಡೆಯ ದೋಣಿಯಂತಲ್ಲ. ನಡುವೆ ನಿಂತು ಓಡಿಸುವ ಕಟ್ಟೆ, ಎರಡೂ ಬದಿಯಲ್ಲಿ ಗಾಳದ ಕೋಲು ಸಿಕ್ಕಿಸುವ ಉಕ್ಕಿನ ಕೊಳವೆಗಳು, ಹಿಂದೆ ಜೀವಂತ ಬೂತಾಯಿ ಮೀನು ಬಿಡುವ ಸಣ್ಣ ತೊಟ್ಟಿ. ಗಾಳ ಹಾಕುವ ಖುಷಿಗೆಂದೇ ಕಟ್ಟಿದ ದೋಣಿ. ಧಣಿ ಗಲ್ಫಿನಲ್ಲಿ ಇಪ್ಪತ್ತೇಳು ವರ್ಷ ದುಡಿದವರು. ಶುಕ್ರವಾರಗಳಲ್ಲಿ ಫುಜೈರಾದ ಕಡಲಿನಲ್ಲಿ ಗೆಳೆಯರ ಜತೆ ಇಂಥದ್ದರಲ್ಲೇ ಮೀನು ಹಿಡಿದ ರುಚಿ ಹತ್ತಿತ್ತು. ಊರಿಗೆ ಮರಳಿದ ಮೇಲೆ ಅಂಜಲ್ ಹಿಡಿಯಲು ತಮ್ಮದೇ ಒಂದು ಬೇಕೆನ್ನಿಸಿ, ಬಡಗಿನ ಕರಾವಳಿಯ ಮಾರಾಟಗಾರರೊಬ್ಬರಿಂದ 1 ಲಕ್ಷ 80 ಸಾವಿರಕ್ಕೆ ಕೊಂಡಿದ್ದರು.

ಮಾರಿದವರು ದೋಣಿಯ ಜತೆಗೆ ಒಂದು ಕತೆಯನ್ನೂ ಕೊಟ್ಟಿದ್ದರು: ಇದು ಅಮೆರಿಕದ ಬರ್ಟ್ರಂ ಕಂಪನಿ ಕಟ್ಟಿದ ದೋಣಿ. ಆ ಹೆಸರಿಗೆ ಬೆಲೆ ಬಂದದ್ದಕ್ಕೆ ಕಾರಣವಿದೆ. 1960ರಲ್ಲಿ ಮಯಾಮಿಯಿಂದ ನಸ್ಸೌವರೆಗಿನ ಓಟದಲ್ಲಿ ರೇ ಹಂಟ್ ಎಂಬವರು ವಿನ್ಯಾಸ ಮಾಡಿದ 31 ಅಡಿಯ ದೋಣಿ, ಅಬ್ಬರದ ಕಡಲಿನಲ್ಲಿ ಉಳಿದವುಗಳನ್ನು ಹಿಂದಿಕ್ಕಿ ಗೆದ್ದಿತು. ಅದರ ತಳ ಮುಂದಿನಿಂದ ಹಿಂದಿನವರೆಗೂ ಆಳವಾದ 'ವಿ' ಆಕಾರದ್ದು, ಹಿಂಬದಿಯಲ್ಲೂ ಸುಮಾರು 24 ಡಿಗ್ರಿ ಇಳಿಜಾರು. ಬರ್ಟ್ರಂ ಅದನ್ನೇ ಫೈಬರಿನಲ್ಲಿ ಎರಕ ಹೊಯ್ದು ಮಾರಿದರು. ನಾನು ಕೋನಮಾಪಕ ಹಿಡಿದು ಈ ದೋಣಿಯ ಹಿಂಬದಿ ಅಳೆದೆ: 19 ಡಿಗ್ರಿ. 1972ರ ನವೆಂಬರಿನ ನಂತರ ಅಮೆರಿಕದಲ್ಲಿ ಕಟ್ಟಿದ ದೋಣಿಯಾದರೆ ಹಿಂಬದಿಯ ಬಲ ಮೇಲ್ಮೂಲೆಯಲ್ಲಿ ಹನ್ನೆರಡು ಅಕ್ಷರಗಳ ಗುರುತು ಸಂಖ್ಯೆ ಇರಬೇಕು. ಅಲ್ಲಿ ದಪ್ಪ ಬಣ್ಣದ ಹೊರತು ಏನೂ ಇರಲಿಲ್ಲ. ಬರ್ಟ್ರಂ ಅಲ್ಲ, ಧಣಿ, ಎಂದೆ. ಅವರು ನಕ್ಕು, "ಇರಲಿ ಮಾಷ್ಟ್ರೇ, ಮೀನಿಗೆ ಗೊತ್ತಾಗುವುದಿಲ್ಲವಲ್ಲ" ಎಂದರು. ಆ ನಗು ಹೆಚ್ಚು ದಿನ ಉಳಿಯಲಿಲ್ಲ.

ಅವರು ಕೇಳಿದ್ದು ಬಣ್ಣ, ಹೊಸ ವಯರಿಂಗ್, ಕುಶನ್ ಮತ್ತು ಎಂಜಿನ್ ಕೂರಿಸುವುದು. ನಾನು ಹೇಳಿದ್ದು ಮೂರು ವಾರ, ಒಂದೂವರೆ ಲಕ್ಷ. ದೋಣಿಯನ್ನು ಒಮ್ಮೆಯೂ ತಟ್ಟಿ ನೋಡದೆ ಈ ಲೆಕ್ಕ ಹೇಳಿದೆ. ಮೊದಲ ತಪ್ಪು ಅದೇ. ಮುಂದಿನ ಎಲ್ಲ ಅವಸರಕ್ಕೂ ಬೀಜ ಅಲ್ಲೇ ಬಿತ್ತು.

ತಟ್ಟಿದಾಗ

ಬೇರೆ ಎರಡು ದೋಣಿಗಳ ಕೆಲಸ ಮುಗಿಸಿ ಇದಕ್ಕೆ ಕೈಹಾಕುವಾಗ ಫೆಬ್ರವರಿ ಬಂದಿತ್ತು. ಸಣ್ಣ ಸುತ್ತಿಗೆಯಿಂದ ಹಿಂಬದಿಯ ಹಲಗೆಯನ್ನು ಗೇಣಿಗೊಂದು ಪೆಟ್ಟಿನಂತೆ ತಟ್ಟುತ್ತಾ ಹೋದೆ. ಎಂಜಿನ್ ತೂಗುವ ಈ ಹಿಂಗೋಡೆಗೆ ಕೆಲಸದವರೆಲ್ಲ ಟ್ರಾನ್ಸಂ ಎನ್ನುತ್ತಾರೆ. ಮೇಲೆ ಠಣ್ ಎಂದು ಎದುರು ಮಾತಾಡಿದ್ದು ಕೆಳಗೆ ಬರುತ್ತಾ ದಪ್ಪ ಹೊದಿಕೆಯ ಹಿಂದಿನಿಂದ ಕೆಮ್ಮಿದಂತೆ ಕೇಳಿತು. ಹಲಸು ತಟ್ಟಿ ನೋಡಿದವರಿಗೆ ಈ ವಿದ್ಯೆ ಹೊಸತಲ್ಲ. ಹಲಸಿನಲ್ಲಿ ಮಂದ ಸದ್ದು ಬಂದರೆ ಮನೆಯವರಿಗೆಲ್ಲ ಸಂತೋಷ, ದೋಣಿಯಲ್ಲಿ ಬಂದರೆ ಮಾಲಕರ ಮುಖ ಬಾಡುತ್ತದೆ, ಅಷ್ಟೇ ವ್ಯತ್ಯಾಸ.

ಒಳಮೈಯಿಂದ 8 ಮಿಲಿಮೀಟರಿನ ಒಂದು ತೂತು ಕೊರೆದೆ. ಡ್ರಿಲ್ ಬಿಟ್ಟಿಗೆ ಸುತ್ತಿಕೊಂಡು ಬಂದದ್ದು ಮರದ ಹುಡಿಯಲ್ಲ, ಕಾಫಿ ಗಸಿಯಂಥ ಕಪ್ಪು ಮುದ್ದೆ. ಹಿಂದೆಯೇ ಕಡು ಚಹಾದ ಬಣ್ಣದ ನೀರು ಒಸರಿತು. ತೆಂಗಿನ ಸಿಪ್ಪೆ ಕೊಳೆಹಾಕಿದ ಹೊಂಡದ ಪಕ್ಕ ನಡೆದವರಿಗೆ ಆ ವಾಸನೆ ಗೊತ್ತು. ಮೇಸ್ತ್ರಿ ಬೆರಳಿನಲ್ಲಿ ಒರೆಸಿ ಮೂಸಿ, ಏನೂ ಹೇಳದೆ ಬೀಡಿ ಹಚ್ಚಲು ಹೊರಗೆ ಹೋದರು.

ಫೈಬರ್ ಕೊಳೆಯುವುದಿಲ್ಲ ಎಂಬ ಮಾತು ನಿಜ. ಕೊಳೆಯುವುದು ಅದರ ಹೊಟ್ಟೆಯೊಳಗಿರುವ ಮರ. ತೆಳು ಫೈಬರ್ ಬಾಗುತ್ತದೆ. ಅದಕ್ಕೆ ಬಿಗಿ ಕೊಡಲು ಆ ಕಾಲದ ಕಟ್ಟುವವರು ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ ಇಟ್ಟರು. ತಳದುದ್ದಕ್ಕೂ ಹಾಯುವ ಸ್ಟ್ರಿಂಗರ್ ಎಂಬ ತೊಲೆಗಳಿಗೂ ಮರವನ್ನೇ ಹಾಕಿ ಫೈಬರ್ ಹೊದಿಸಿದರು. ಎಂಜಿನ್ನಿನ ಬೋಲ್ಟು, ನೀರು ಹೋಗುವ ಕೊಳವೆ, ಏಣಿಯ ಸ್ಕ್ರೂ ಹೀಗೆ ಒಂದೊಂದು ತೂತಿನಿಂದಲೂ ನೀರು ಒಳಗೆ ನುಗ್ಗುತ್ತದೆ. ಹೊರಬರಲು ದಾರಿ ಇರುವುದಿಲ್ಲ.

ತಳದಲ್ಲಿ ತೇಲುಬಲಕ್ಕೆಂದು ತುಂಬಿದ್ದ ಫೋಮ್ ಸಹ ನೀರು ಕುಡಿದಿತ್ತು. ಇದನ್ನು ಕಣ್ಣಂದಾಜಿಗೆ ಬಿಡಬಾರದೆಂದು ದೋಣಿಯನ್ನು ಮತ್ತೆ ಲಾರಿಗೇರಿಸಿ ಹೆದ್ದಾರಿ ಬದಿಯ ತೂಕದ ಸೇತುವೆಗೆ ಒಯ್ದೆ. ಖಾಲಿ ಲಾರಿ ಕಳೆದು ಉಳಿದದ್ದು 1,310 ಕೆಜಿ, ಎಂಜಿನ್ ಇಲ್ಲದೆ. ಈ ಗಾತ್ರದ ದೋಣಿಗೆ ಅದು ಮುನ್ನೂರು ಕೆಜಿಯಷ್ಟಾದರೂ ಹೆಚ್ಚು. ಚೀಟಿಯನ್ನು ಧಣಿಯ ಕೈಯಲ್ಲಿಟ್ಟೆ. "ಅಂದರೆ ನಾನು ದುಡ್ಡು ಕೊಟ್ಟು ನೀರು ತಂದೆನೇ?" ಎಂದು ಕೇಳಿದರು.

ಮೊದಲ ದುರಸ್ತಿ

ಮುಂದಿದ್ದ ದಾರಿ ಎರಡು. ಪೂರ್ತಿ ಬಿಚ್ಚಿ ಟ್ರಾನ್ಸಂ, ಸ್ಟ್ರಿಂಗರ್, ಫೋಮ್ ಎಲ್ಲವನ್ನೂ ತೆಗೆದು ಹೊಸತು ಮಾಡುವುದು, ಇಲ್ಲವೇ ಎಂಜಿನ್ ತಡೆದುಕೊಳ್ಳುವಷ್ಟು ಟ್ರಾನ್ಸಂ ಒಂದನ್ನು ಮಾಡಿ ಉಳಿದದ್ದನ್ನು ಮಳೆಗಾಲದ ನಂತರಕ್ಕೆ ಬಿಡುವುದು. ಮೇ ಮೂರನೇ ವಾರ ಧಣಿಯ ಮಗನ ಮದುವೆ. ಬರುವ ನೆಂಟರನ್ನು ಅಳಿವೆಯವರೆಗೆ ಸುತ್ತಿಸಿ ತರಬೇಕೆಂಬುದು ಅವರ ಆಸೆ. ಎಂಜಿನ್ನಿಗೆ ಮುಂಗಡ ಕೊಟ್ಟಾಗಿತ್ತು. ನಾನು ಎರಡನೆಯ ದಾರಿಗೆ ತಲೆಯಾಡಿಸಿದೆ. ಹಾಗೆ ನೋಡಿದರೆ ಅದೇ ತಪ್ಪು ಎನ್ನುವಂತಿಲ್ಲ, ಅರ್ಧ ಕೆಲಸವನ್ನೂ ಸರಿಯಾಗಿ ಮಾಡಬಹುದು.

ಒಳಪದರವನ್ನು ಗ್ರೈಂಡರಿನಲ್ಲಿ ಕತ್ತರಿಸಿ ತೆಗೆದಾಗ ಹಿಂದಿನವರ ಕೈಚಳಕ ಕಂಡಿತು. ಯಾರೋ ಮೇಲಿನಿಂದ ಸಾಲಾಗಿ ತೂತು ಕೊರೆದು ರೆಸಿನ್ ಎಂಬ ಗಟ್ಟಿಯಾಗುವ ಅಂಟುದ್ರವ ಸುರಿದಿದ್ದರು. ಅದು ಹಸಿ ಮರದೊಳಗೆ ಇಂಗದೆ ಮೇಣದಬತ್ತಿಗಳಂತೆ ಗಟ್ಟಿಯಾಗಿ ನಿಂತಿತ್ತು, ಸುತ್ತಲಿನ ಮರ ಬೆರಳಲ್ಲಿ ಕೆದಕಿದರೆ ಬರುವಂತಿತ್ತು. ಕೊಳೆತ ಬಾಳೆದಿಂಡಿಗೆ ಮೊಳೆ ಹೊಡೆದ ಹಾಗೆ. ಇಂಥ ದುರಸ್ತಿಯ ವೀಡಿಯೊಗಳನ್ನು ನೋಡಿ ಬರುವವರಿಗೆ ತೋರಿಸಲು ಅದರಲ್ಲಿ ನಾಲ್ಕು ಬತ್ತಿಗಳನ್ನು ಎತ್ತಿಟ್ಟಿದ್ದೇನೆ.

ಹೊಸ ಹಲಗೆಗೆ ಏನು ಹಾಕುವುದು ಎಂಬಲ್ಲಿ ಮೇಸ್ತ್ರಿಗೂ ನನಗೂ ಒಂದು ದಿನವಿಡೀ ವಾದ ನಡೆಯಿತು. ಅವರದು ಮೊಗವೀರರ ಮನೆತನ, ಅಪ್ಪ ಹೆಬ್ಬಲಸಿನ ಮರದ ದೋಣಿ ಕೆತ್ತಿದವರು. "ಹೆಬ್ಬಲಸು ಹಾಕೋಣ ಮಾಷ್ಟ್ರೇ, ನೀರಿಗೆ ಹೆದರುವ ಮರವಲ್ಲ" ಎಂದರು. ಮರದ ಬಗ್ಗೆ ಅವರ ಮಾತು ಸರಿ. ಆದರೆ ಒಂದೇ ಮರದ ಇಡೀ ಹಲಗೆ ತೇವಕ್ಕೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಬರೀ ಮರದ ದೋಣಿಯಲ್ಲಿ ಅದು ಗುಣ, ಎರಡು ಫೈಬರ್ ಪದರಗಳ ನಡುವೆ ಸಿಕ್ಕಿಸಿದರೆ ಅಂಟು ಕೀಳುತ್ತದೆ. ಪ್ಲೈವುಡ್ಡಿನ ಪದರಗಳು ಒಂದರ ಮೇಲೊಂದು ಅಡ್ಡಡ್ಡ ಇರುವುದರಿಂದ ಅಷ್ಟು ಅಲುಗಾಡುವುದಿಲ್ಲ. ಕೊನೆಗೆ ಐಎಸ್ 710 ಗುರುತಿನ, 19 ಮಿಲಿಮೀಟರಿನ ಮರೈನ್ ಪ್ಲೈ ಎರಡು ಪದರ ಎಂದು ತೀರ್ಮಾನವಾಯಿತು. ಮೇಸ್ತ್ರಿ ಒಪ್ಪಿದರು. ಮನಸ್ಸಿನಲ್ಲಿ ಒಪ್ಪಿರಲಿಲ್ಲ ಎಂಬುದು ನನಗೆ ತಿಳಿದದ್ದು ಸೆಪ್ಟೆಂಬರಿನಲ್ಲಿ.

ಏಪ್ರಿಲ್ ಕೊನೆಯ ಒಂದು ಸಂಜೆ ಪ್ಲೈ ಕತ್ತರಿಸಿ, ಹೊಂದಿಸಿ ನೋಡಿ, ಬೆಳಗ್ಗೆ ಅಂಟಿಸುವುದೆಂದು ಹೇಳಿ ಮನೆಗೆ ಹೋದೆ. ಮರುದಿನ ಬಂದಾಗ ಹಲಗೆಗಳ ಅಂಚು ಸುತ್ತಲೂ ಎರಡು ಬೆರಳಗಲ ಕಪ್ಪಗಿತ್ತು. ಯಾರೋ ಅಂಚಿಗೆ ಮೊದಲ ಕೈ ರೆಸಿನ್ ಕುಡಿಸಿದ್ದಾರೆ ಎಂದುಕೊಂಡೆ. ಅಂಚು ಕುಡಿಯುವುದು ಹೆಚ್ಚು, ಹಾಗೆ ಮಾಡುವುದು ವಾಡಿಕೆಯೇ. ಮುಟ್ಟಿದೆ, ಸ್ವಲ್ಪ ಅಂಟಂಟಾಗಿತ್ತು. ಕೇಳಲಿಲ್ಲ. ಮದುವೆಗೆ ಇಪ್ಪತ್ತು ದಿನ ಉಳಿದಿತ್ತು, ಆಕಾಶದ ಮೂಡಲ ಅಂಚಿನಲ್ಲಿ ಮೋಡ ಕಟ್ಟುತ್ತಿತ್ತು, ಫೈಬರ್ ಎಳೆಗಳ ಮ್ಯಾಟ್ ತುಂಡುಗಳೆಲ್ಲ ಕತ್ತರಿಸಿ ಸಿದ್ಧವಾಗಿದ್ದವು. ಈ ಇಡೀ ಪ್ರಕರಣದಲ್ಲಿ ಒಂದೇ ಒಂದು ಗಳಿಗೆಯನ್ನು ಮರಳಿ ಪಡೆಯಬಹುದಾದರೆ ನಾನು ಆ ಗಳಿಗೆಯನ್ನು ಕೇಳುತ್ತೇನೆ.

ಮಾಮೂಲಿ ಪಾಲಿಯೆಸ್ಟರ್ ರೆಸಿನಿನಲ್ಲಿ ಅಂಟಿಸಿದೆವು. ಬಿಸಿಲು ಏರಿದಂತೆ ರೆಸಿನ್ ಬಕೆಟಿನಲ್ಲೇ ಕಾದು ಹೊಗೆಯಾಡತೊಡಗಿತು, ಒಂದು ಬಕೆಟ್ ಚೆಲ್ಲಬೇಕಾಯಿತು. ಆ ಗಡಿಬಿಡಿಯಲ್ಲಿ ಹುಡುಗನೊಬ್ಬ ಕೋಬಾಲ್ಟ್ ಅಳೆದ ಅದೇ ಲೋಟಕ್ಕೆ ಕ್ಯಾಟಲಿಸ್ಟ್ ಸುರಿಯಲು ಹೊರಟಿದ್ದ. ಮೇಸ್ತ್ರಿ ಕೂಗಿ ಕೈ ಹಿಡಿದು ತಡೆದರು. ರೆಸಿನ್ ಗಟ್ಟಿಯಾಗಲು ಹಾಕುವ, ಅದರಲ್ಲಿ ಒಂದೊಂದಾಗಿ ಕಲಸಿದರೆ ನಿರಪಾಯಕಾರಿಯಾದ ಈ ಎರಡು, ನೇರವಾಗಿ ಒಂದಕ್ಕೊಂದು ತಾಗಿದರೆ ಸಿಡಿಯುತ್ತವೆ. ಇದಕ್ಕೂ ಪ್ರಕರಣಕ್ಕೂ ಸಂಬಂಧವಿಲ್ಲ ಎನ್ನಬಹುದು. ಆದರೆ ಅವಸರ ಎಂಥದ್ದಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ನನ್ನಲ್ಲಿಲ್ಲ.

ಮೇ 14ರಂದು ನೀರಿಗಿಳಿಸಿದೆವು. ದೋಣಿ ಓಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಓಡುವಾಗ ಚೆನ್ನಾಗಿಯೇ ಇತ್ತು. ನಿಲ್ಲಿಸಿದಾಗ ಮಾತ್ರ ಹಿಂಬದಿಯ ನೀರು ಹೋಗುವ ತೂತುಗಳಿಂದ ಹೊಳೆಯೇ ಅಟ್ಟಕ್ಕೆ, ಅಂದರೆ ದೋಣಿಯಲ್ಲಿ ನಿಲ್ಲುವ ನೆಲಕ್ಕೆ, ಹತ್ತಿತು. ನಿಂತವರ ಪಾದ ಮುಳುಗುವಷ್ಟು. ಧಣಿ ತಂದಿದ್ದು 90 ಅಶ್ವಶಕ್ತಿಯ ಹೊಸ ನಾಲ್ಕು ಸ್ಟ್ರೋಕ್ ಎಂಜಿನ್, ಸುಮಾರು 165 ಕೆಜಿ. ಈ ದೋಣಿ ಕಟ್ಟಿದ ಕಾಲದಲ್ಲಿ ಇದ್ದದ್ದು ಎರಡು ಸ್ಟ್ರೋಕ್, ಅದೇ ಶಕ್ತಿಗೆ 120ರ ಆಸುಪಾಸು. ಅಟ್ಟದ ತೂತುಗಳನ್ನು ಆ ತೂಕಕ್ಕೆ ಲೆಕ್ಕ ಹಾಕಿ ಇಟ್ಟಿದ್ದರು. ಅದರ ಮೇಲೆ ನೀರು ಕುಡಿದ ಫೋಮ್ ಹಾಗೆಯೇ ಇತ್ತು. ತೂತುಗಳಿಗೆ ಬೆಣೆ ಬಡಿದು ಮದುವೆ ಮುಗಿಸಿದೆವು. ನೆಂಟರಿಗೆ ಅದೊಂದೂ ತಿಳಿಯಲಿಲ್ಲ. ಒಬ್ಬರು ಐದು ಕೆಜಿಯ ಅಂಜಲನ್ನೂ ಹಿಡಿದರು.

ಸೆಪ್ಟೆಂಬರ್

ಮಳೆಗಾಲದಲ್ಲಿ ದೋಣಿ ಶೆಡ್ಡಿನ ಹಿಂದೆ ತೆಂಗಿನ ಗರಿಯ ಚಪ್ಪರದಡಿ ಕೂತಿತ್ತು. ಟ್ರಾಲ್ ನಿಷೇಧದ ಕೆಲಸದಲ್ಲಿ ಅದರತ್ತ ಯಾರೂ ಕಣ್ಣೆತ್ತಿ ನೋಡಲಿಲ್ಲ. ಸೆಪ್ಟೆಂಬರಿನಲ್ಲಿ ತೊಳೆಯುವಾಗ ಟ್ರಾನ್ಸಂನ ಮೇಲಂಚಿನಲ್ಲಿ ಕೂದಲಿನಷ್ಟು ಸಪೂರ ಬಿರುಕು ಕಾಣಿಸಿತು. ತಟ್ಟಿದೆ. ಅಂಚು ಸುತ್ತಲೂ ಅದೇ ಕೆಮ್ಮು.

ಉಳಿ ಸಿಕ್ಕಿಸಿ ಎತ್ತಿದಾಗ ಒಳಪದರ ಬಾಳೆಪಟ್ಟೆಯಂತೆ ಸುಲಿದು ಬಂತು. ಗ್ರೈಂಡರ್ ಬೇಕಾಗಲೇ ಇಲ್ಲ. ನಾನು ಕೊಳೆತ ಮರವನ್ನು ನಿರೀಕ್ಷಿಸಿದ್ದೆ. ಮರ ಗಟ್ಟಿಮುಟ್ಟಾಗಿತ್ತು, ನಡುವಿನ ಭಾಗದಲ್ಲಿ ಅಂಟೂ ಭದ್ರವಾಗಿತ್ತು. ಅಂಚಿನ ಎರಡು ಬೆರಳಗಲದಲ್ಲಿ ಮಾತ್ರ ಫೈಬರಿನ ಹಿಂಭಾಗ ನಾಲ್ಕು ತಿಂಗಳ ಮೇಲೂ ಗಟ್ಟಿಯಾಗದೆ ಮಿಜಿಮಿಜಿ ಎನ್ನುತ್ತಿತ್ತು. ಮೂಗಿನ ಹತ್ತಿರ ಹಿಡಿದೆ. ಗೇರುಬೀಜದ ಕಾರ್ಖಾನೆಯ ಹಿಂಬದಿಯ ವಾಸನೆ.

ಮೇಸ್ತ್ರಿ ಅಲ್ಲೇ ನಿಂತಿದ್ದರು. "ಗೇರೆಣ್ಣೆ ನಾನೇ ಬಳಿದದ್ದು" ಎಂದರು. "ಅಪ್ಪ ಅಂಚಿಗೆ ಬಳಿಯದೆ ಒಂದು ಹಲಗೆಯನ್ನೂ ಕೂರಿಸಿದವರಲ್ಲ. ಪ್ಲೈ ಅಲ್ಲವೇ, ಹೆಬ್ಬಲಸಲ್ಲವಲ್ಲ, ಇನ್ನೂ ಹೆಚ್ಚು ಬೇಕೆಂದು ಎರಡು ಕೈ ಬಳಿದೆ."

ಅವರ ಅಪ್ಪ ಮಾಡಿದ್ದು ತಪ್ಪಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ಹೊದಿಕೆಯಿಲ್ಲದ ಬರೀ ಮರವನ್ನು ಹುಳದಿಂದಲೂ ನೀರಿನಿಂದಲೂ ಕಾಯುತ್ತದೆ, ನಮ್ಮ ಕರಾವಳಿಯ ಎಷ್ಟೋ ದೋಣಿಗಳು ಅದರ ಮೇಲೆ ಬದುಕಿವೆ. ಆದರೆ ಎಣ್ಣೆಯ ಮೇಲೆ ರೆಸಿನ್ ಹಿಡಿಯುವುದಿಲ್ಲ. ಅಷ್ಟೇ ಅಲ್ಲ, ಗೇರೆಣ್ಣೆ ಫಿನಾಲಿನ ಜಾತಿಯದು. ಪಾಲಿಯೆಸ್ಟರ್ ಗಟ್ಟಿಯಾಗುವ ಕ್ರಿಯೆಯನ್ನೇ ಅದು ತಡೆದು ನಿಲ್ಲಿಸುತ್ತದೆ. ತಮಾಷೆ ಎಂದರೆ ಇದೇ ಎಣ್ಣೆಯನ್ನು ಕಾರ್ಖಾನೆಯಲ್ಲಿ ಸಂಸ್ಕರಿಸಿ ದೋಣಿ, ಹಡಗುಗಳ ಎಪಾಕ್ಸಿ ಬಣ್ಣವನ್ನು ಗಟ್ಟಿಗೊಳಿಸುವ ಹಾರ್ಡನರನ್ನು ತಯಾರಿಸುತ್ತಾರೆ. ಹಸಿಯಾಗಿದ್ದಾಗ ವೈರಿ, ಬೆಂದ ಮೇಲೆ ನೆಂಟ.

ಪೂರ್ತಿ ಹೊಣೆಯನ್ನು ಎಣ್ಣೆಯ ಮೇಲೆ ಹೊರಿಸುವುದೂ ನ್ಯಾಯವಲ್ಲ. ನಡುವಿನಲ್ಲೂ ಕೆಲವು ಕಡೆ ಪದರ ಬಿಳಿಚಿಕೊಂಡಿತ್ತು. ಅದು ಆ ದಿನಗಳ ತೇವ, ಕಾದ ರೆಸಿನ್ ಮತ್ತು ಅವಸರದ ಫಲ. ಪಾಲಿಯೆಸ್ಟರ್ ಮೊದಲೇ ಮರಕ್ಕೆ ಅಷ್ಟು ಒಗ್ಗುವ ಅಂಟಲ್ಲ. ಎಣ್ಣೆ ಬಳಿಯದಿದ್ದರೂ ಮೂರು ನಾಲ್ಕು ಮಳೆಗಾಲದಲ್ಲಿ ಇದೇ ಗತಿ ಬರುತ್ತಿತ್ತು ಎಂಬುದು ನನ್ನ ಅಂದಾಜು. ಎಣ್ಣೆ ಅದನ್ನು ಬೇಗ ತೋರಿಸಿಕೊಟ್ಟಿತು.

ಧಣಿಗೆ ಏನು ಹೇಳುವುದು ಎಂದು ಒಂದು ರಾತ್ರಿ ಯೋಚಿಸಿದೆ. ಕೆಲಸದವನ ತಪ್ಪು ಎಂದರೆ ಮುಗಿಯುತ್ತಿತ್ತು, ಸುಳ್ಳೂ ಆಗುತ್ತಿರಲಿಲ್ಲ. ಆದರೆ ಕಪ್ಪು ಅಂಚನ್ನು ಕಣ್ಣಾರೆ ನೋಡಿ, ಕೈಯಾರೆ ಮುಟ್ಟಿ, ಬಾಯಿಬಿಟ್ಟು ಕೇಳದೆ ಇದ್ದವನು ನಾನು. ಹಾಗೆಯೇ ಹೇಳಿದೆ. ಧಣಿ ಸಿಟ್ಟಾದರು, ಎರಡು ದಿನ ಫೋನ್ ಎತ್ತಲಿಲ್ಲ. ಮೂರನೆಯ ದಿನ ಬಂದು ಸುಲಿದ ಪದರವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಸಾಮಾನಿನ ಖರ್ಚು ಅವರದು, ಕೂಲಿ ನನ್ನದು ಎಂದು ಮಾತಾಯಿತು. ಜತೆಗೆ ನಾನೊಂದು ಷರತ್ತು ಹಾಕಿದೆ: ಈ ಸಲ ದಿನಾಂಕ ಕೇಳಬಾರದು.

ಎರಡನೆಯ ದುರಸ್ತಿ

ಬಿಚ್ಚುವ ಕೆಲಸ ಅಕ್ಟೋಬರಿನಲ್ಲಿ. ಅಟ್ಟ ಕತ್ತರಿಸಿ ತೆಗೆದು ಫೋಮನ್ನು ಸನಿಕೆಯಲ್ಲಿ ಅಗೆದೆವು. ಹದಿಮೂರು ಗೋಣಿ ತುಂಬಿತು, ಒಂದೊಂದು ಗೋಣಿಯನ್ನು ಎತ್ತಲು ಇಬ್ಬರು ಬೇಕಾದರು. ಒಣ ಫೋಮ್ ಘನಮೀಟರಿಗೆ ಮೂವತ್ತೆರಡು ಕೆಜಿಯಷ್ಟು ಹಗುರ. ನಮ್ಮ ಒಂದು ಗೋಣಿಯೇ ಅದಕ್ಕೆ ಸಮೀಪ ತೂಗುತ್ತಿತ್ತು. ಆ ಜಾಗಕ್ಕೆ ಮತ್ತೆ ಫೋಮ್ ತುಂಬಲಿಲ್ಲ. ಗಾಳಿ ತುಂಬಿದ ಮುಚ್ಚಿದ ಡಬ್ಬಗಳನ್ನು ಕಟ್ಟಿ ಇಟ್ಟೆವು, ನಡುವೆ ನೀರು ಹರಿದು ತಳದ ಗುಂಡಿಗೆ (ಬಿಲ್ಜಿಗೆ) ಇಳಿಯಲು ದಾರಿ ಬಿಟ್ಟು. ಬೇಕೆಂದಾಗ ಹೊರತೆಗೆದು ನೋಡಬಹುದು.

ಸ್ಟ್ರಿಂಗರುಗಳನ್ನು ಒಟ್ಟಿಗೆ ತೆಗೆದರೆ ತಳ ಸೊಟ್ಟಗಾಗುತ್ತದೆ. ದೋಣಿಯ ಕೆಳಗೆ ಐದು ಕಡೆ ತೆಂಗಿನ ಬೊಡ್ಡೆ, ಅದರ ಮೇಲೆ ಮರಳು ಮೂಟೆ ಇಟ್ಟು, ಉದ್ದಕ್ಕೆ ದಾರ ಎಳೆದು, ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ನೋಡಿ, ಒಂದು ತೆಗೆದು ಅದನ್ನು ಕೂರಿಸಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಿದೆವು. ದಾರದಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸ ಕಂಡ ದಿನ ಕೆಲಸ ನಿಲ್ಲಿಸಿ ಮೂಟೆ ಸರಿಪಡಿಸಿದ್ದೂ ಉಂಟು.

ಈ ಸಲದ ದೊಡ್ಡ ಕೆಲಸ ಎಂದರೆ ಕೆಲಸ ಮಾಡದೆ ಕೂತದ್ದು. ಹಿಂಗಾರಿನ ತುಲಾ ಮಳೆ ಹಿಂದೆ ಸರಿಯುವವರೆಗೆ ಒಂದು ತೊಟ್ಟು ರೆಸಿನ್ ಕಲಸಲಿಲ್ಲ. ದಿನಾ ಸಂಜೆ ದೋಣಿಯ ಒಳಮೈಯಲ್ಲಿ ಒಂದೊಂದು ಮೊಳ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸುತ್ತಿದ್ದೆ. ಬೆಳಗ್ಗೆ ಹಾಳೆಯ ಒಳಬದಿಯಲ್ಲಿ ನೀರ ಹನಿ ಕೂತಿದ್ದರೆ ಫೈಬರ್ ಇನ್ನೂ ಬೆವರುತ್ತಿದೆ ಎಂದರ್ಥ. ಮೊದಲ ವಾರ ಹಾಳೆಯ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಹತ್ತೊಂಬತ್ತನೆಯ ದಿನ ಮಂಜಿನಷ್ಟು. ಇಪ್ಪತ್ತಾರನೆಯ ಬೆಳಗ್ಗೆ ನಾನು ಬರುವ ಮೊದಲೇ ಮೇಸ್ತ್ರಿ ಹಾಳೆ ಕಿತ್ತು ಕೆನ್ನೆಗೆ ಒತ್ತಿಕೊಂಡು ನಿಂತಿದ್ದರು. "ಒಣಗಿದೆ ಮಾಷ್ಟ್ರೇ, ಒಣಗಿದೆ." ಪ್ಲಾಸ್ಟಿಕ್ ಹಾಳೆಗೂ ಟೇಪಿಗೂ ಒಟ್ಟು ಖರ್ಚು ಮುನ್ನೂರು ರೂಪಾಯಿ ದಾಟಿರಲಿಲ್ಲ. ಏಪ್ರಿಲಿನಲ್ಲಿಯೂ ಅದು ಅಂಗಡಿಯಲ್ಲಿ ಸಿಗುತ್ತಿತ್ತು.

ಅಂಟು ಈ ಸಲ ಎಪಾಕ್ಸಿ. ದುಬಾರಿ, ಆದರೆ ಮರಕ್ಕೂ ಹಳೆಯ ಪಾಲಿಯೆಸ್ಟರಿಗೂ ಚೆನ್ನಾಗಿ ಹಿಡಿಯುತ್ತದೆ. ಶೆಡ್ಡಿನಲ್ಲಿ ದಾಸ್ತಾನಿದ್ದ ಮಾಮೂಲಿ ಮ್ಯಾಟ್ ಇದಕ್ಕೆ ಒಗ್ಗುವುದಿಲ್ಲ. ಅದರ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿಗೆ ಕರಗಬೇಕು, ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಹಾಗಾಗಿ ಎಳೆಗಳನ್ನು ಹೊಲಿದು ಹಿಡಿದಿಟ್ಟ ಫೈಬರ್ ಬಟ್ಟೆಯನ್ನೇ ತರಿಸಿದೆವು. ಹಳೆಯ ಫೈಬರಿನ ಅಂಚನ್ನು ಲಂಬವಾಗಿ ಬಿಡದೆ, ದಪ್ಪದ ಹನ್ನೆರಡು ಪಟ್ಟು ಉದ್ದಕ್ಕೆ ಇಳಿಜಾರಾಗಿ ಉಜ್ಜಿ ಅದರ ಮೇಲೆ ಹೊಸತನ್ನು ಹತ್ತಿಸಿದೆವು.

ಆದರೆ ಎಪಾಕ್ಸಿ ನಮ್ಮ ಹುಡುಗರ ಅಭ್ಯಾಸಕ್ಕೆ ವಿರುದ್ಧ. ಪಾಲಿಯೆಸ್ಟರಿಗೆ ಕ್ಯಾಟಲಿಸ್ಟ್ ನೂರಕ್ಕೆ ಒಂದರಿಂದ ಎರಡು ಪಾಲು, ಬಿಸಿಲು ಹೆಚ್ಚಿದ್ದರೆ ಕಡಿಮೆ ಹಾಕುವುದು ಜಾಣತನ. ಎಪಾಕ್ಸಿಯಲ್ಲಿ ಹಾರ್ಡನರಿನ ಪಾಲು ಡಬ್ಬದ ಮೇಲೆ ಬರೆದಷ್ಟೇ, ಬಿಸಿಲಿರಲಿ ಮಳೆ ಇರಲಿ. ಮೊದಲ ಪರೀಕ್ಷೆಯ ತುಂಡನ್ನು ಮಾಡಿದ ಹುಡುಗ ಮಧ್ಯಾಹ್ನದ ಸೆಕೆ ನೋಡಿ ತನ್ನ ಬುದ್ಧಿಯಿಂದ ಹಾರ್ಡನರ್ ಕಡಿಮೆ ಮಾಡಿದ್ದ. ಮರುದಿನ ಅದು ಹಲಸಿನ ಮೇಣದಂತೆ ಕೈಗೆ ಹತ್ತಿತು. ತುಂಡಿನಲ್ಲಿ ಆದದ್ದು ಪುಣ್ಯ, ದೋಣಿಯಲ್ಲಿ ಆಗಿದ್ದರೆ ಮತ್ತೊಮ್ಮೆ ಕೆರೆಯಬೇಕಿತ್ತು. ಆಮೇಲೆ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ತಂದೆ. ಪ್ರತಿ ಕಲಸಿಗೂ ಒಂದು ಅಂಗೈಯಗಲದ ತುಂಡು ಮಾಡಿ, ತಾರೀಕು ಬರೆದು, ಮರುದಿನ ಉಳಿಯಿಂದ ಕಿತ್ತು ನೋಡುವ ಪದ್ಧತಿ ಶುರುವಾಯಿತು. ಮರ ಹರಿದು ಬಂದರೆ ಸರಿ, ಅಂಟು ಬಿಟ್ಟು ಬಂದರೆ ತಪ್ಪು.

ಇಲ್ಲಿ ಒಂದು ಕಾಸರಗೋಡಿನ ಸಂಗತಿ ಹೇಳಬೇಕು. ಶೆಡ್ಡಿನ ಕರಿಹಲಗೆಯಲ್ಲಿ ದಿನದ ಕೆಲಸವನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೆ. ಹುಡುಗರಲ್ಲಿ ಮೂವರು ಓದಿದ್ದು ಮಲಯಾಳದಲ್ಲಿ. ಮೇಸ್ತ್ರಿ ಕನ್ನಡ ಶಾಲೆಗೆ ಹೋದವರಾದರೂ ಕನ್ನಡಕ ಮನೆಯಲ್ಲಿ ಬಿಟ್ಟು ಬರುವವರು. ಮಾತು ತುಳುವಿನಲ್ಲೂ ಮಲಯಾಳದಲ್ಲೂ ನಡೆಯುತ್ತಿದ್ದುದರಿಂದ ಹಲಗೆಯನ್ನು ಯಾರೂ ಓದುತ್ತಿಲ್ಲ ಎಂಬುದು ಇಷ್ಟು ವರ್ಷ ನನ್ನ ಗಮನಕ್ಕೇ ಬಂದಿರಲಿಲ್ಲ. 'ಅಂಚಿಗೆ ಏನೂ ಬಳಿಯಬಾರದು, ಅಸಿಟೋನಿನಿಂದ ಒರೆಸಿ ಬಿಡಿ' ಎಂದು ಏಪ್ರಿಲಿನ ಆ ಸಂಜೆ ನಾನು ಬರೆದಿದ್ದೆ. ಬರೆದದ್ದು ನಿಜ, ಹಲಗೆಯ ಫೋಟೊ ನನ್ನ ಮೊಬೈಲಿನಲ್ಲಿ ಈಗಲೂ ಇದೆ. ಈಗ ಎರಡು ಲಿಪಿಗಳಲ್ಲಿ ಬರೆಯುತ್ತೇವೆ, ಅದಕ್ಕಿಂತ ಮುಖ್ಯವಾಗಿ ಸಂಜೆ ಹೊರಡುವ ಮುನ್ನ ಒಬ್ಬ ಹುಡುಗ ಗಟ್ಟಿಯಾಗಿ ಓದಿ ಹೇಳುತ್ತಾನೆ. ಮೇಸ್ತ್ರಿ ಅದಕ್ಕೆ 'ಭಜನೆ' ಎಂದು ಹೆಸರಿಟ್ಟಿದ್ದಾರೆ.

ಹಿಂಬದಿಯ ಭಾರಕ್ಕೆ ಮಾಡಿದ್ದು ಸಣ್ಣ ಉಪಾಯ. ತಲಾ 25 ಕೆಜಿಯ ಎರಡು ಬ್ಯಾಟರಿಗಳನ್ನು ಎಂಜಿನ್ನಿನ ಪಕ್ಕದಿಂದ ತೆಗೆದು ನಡುಕಟ್ಟೆಯ ಕೆಳಗೆ ಕೂರಿಸಿದೆವು, ಅಟ್ಟದ ತೂತುಗಳಿಗೆ ನೀರು ಹೊರಗೆ ಮಾತ್ರ ಹೋಗುವ ರಬ್ಬರ್ ಕವಾಟ ಹಾಕಿದೆವು. ಉಳಿದದ್ದನ್ನು ಹೊರಹೋದ ಹದಿಮೂರು ಗೋಣಿ ನೋಡಿಕೊಂಡಿತು. ಬಣ್ಣ, ವಯರಿಂಗ್ ಎಂದಿನಂತೆ ನಡೆದವು.

ಈಗ

ಫೆಬ್ರವರಿಯಲ್ಲಿ ಮತ್ತೆ ಅದೇ ತೂಕದ ಸೇತುವೆ: 1,020 ಕೆಜಿ. ನೀರಿಗಿಳಿಸಿ ನಿಲ್ಲಿಸಿದಾಗ ಹಿಂಬದಿಯ ತೂತುಗಳು ನೀರಿನಿಂದ ನಾಲ್ಕು ಬೆರಳು ಮೇಲೆ ಉಳಿದವು. ಒಟ್ಟು ಲೆಕ್ಕ ಹೀಗಿದೆ: ದೋಣಿಯ ಬೆಲೆ ಬಿಟ್ಟು, ಎಂಜಿನ್ ಬಿಟ್ಟು, ಮೊದಲ ದುರಸ್ತಿಗೆ 2 ಲಕ್ಷ 10 ಸಾವಿರ, ಎರಡನೆಯದಕ್ಕೆ ಸಾಮಾನು 2 ಲಕ್ಷ 60 ಸಾವಿರ, ನನ್ನ ಕಿಸೆಯಿಂದ ಹೋದ ಕೂಲಿ 1 ಲಕ್ಷ 15 ಸಾವಿರ. ಇಷ್ಟರಲ್ಲಿ ಇದೇ ಗಾತ್ರದ ಹೊಸ ಒಡಲನ್ನು ಅಚ್ಚಿನಿಂದ ತೆಗೆಸಬಹುದಿತ್ತು. ಹಳೆಯ ದೋಣಿ ಕೊಳ್ಳಲು ಸಲಹೆ ಕೇಳಿ ಬರುವವರಿಗೆ ಈ ಅಂಕಿಗಳನ್ನೇ ತೋರಿಸುತ್ತೇನೆ. ಮೊದಲು ತೂಕ ಮಾಡಿಸಿ, ಮಾರುವವರ ಎದುರಿಗೇ ಟ್ರಾನ್ಸಂನಲ್ಲಿ ಒಂದು ತೂತು ಕೊರೆಯಲು ಅನುಮತಿ ಕೇಳಿ ಎನ್ನುತ್ತೇನೆ. ಕೊರೆಯಲು ಬಿಡದವರಿಂದ ಕೊಳ್ಳಬೇಡಿ. ಅರ್ಧದಷ್ಟು ಜನ ಹೂಂ ಎಂದು ಹೋಗಿ, ಹೊಳೆಯುವ ಬಣ್ಣಕ್ಕೆ ಮರುಳಾಗಿ, ಮುಂಗಡ ಕೊಟ್ಟ ಮೇಲೆ ಫೋನ್ ಮಾಡುತ್ತಾರೆ.

ಧಣಿ ಮಾತ್ರ ನಷ್ಟದ ಮಾತೆತ್ತುವುದಿಲ್ಲ. ದೋಣಿಗೆ ಎರಡು ಮಳೆಗಾಲ ದಾಟಿವೆ. ಪ್ರತಿ ಸೆಪ್ಟೆಂಬರಿನಲ್ಲಿ ಮೇಸ್ತ್ರಿಯೇ ಸುತ್ತಿಗೆ ಹಿಡಿದು, ನನ್ನನ್ನು ದೂರ ನಿಲ್ಲಿಸಿ, ಟ್ರಾನ್ಸಂನ ಅಂಚಿನುದ್ದಕ್ಕೂ ಗೇಣಿಗೊಂದು ಪೆಟ್ಟು ಹಾಕುತ್ತಾರೆ. ಈ ಸಲ ಎಡ ಕೆಳಮೂಲೆಯಲ್ಲಿ ಸದ್ದು ಕೊಂಚ ಬೇರೆ ಎನಿಸಿತಂತೆ. ನಾನು ತಟ್ಟಿ ನೋಡಿದೆ, ನನ್ನ ಕಿವಿಗೆ ಏನೂ ಸಿಗಲಿಲ್ಲ. ಆದರೂ ಆ ಜಾಗಕ್ಕೆ ಪೆನ್ಸಿಲಿನಲ್ಲಿ ಒಂದು ವೃತ್ತ ಹಾಕಿ ತಾರೀಕು ಬರೆದಿದ್ದೇವೆ, ಕನ್ನಡದಲ್ಲೂ ಮಲಯಾಳದಲ್ಲೂ. ಜನವರಿಯಲ್ಲಿ ಅಲ್ಲಿ 8 ಮಿಲಿಮೀಟರಿನ ಒಂದು ತೂತು ಕೊರೆಯುವುದಿದೆ.